ಎಂಟು ಕೋಶಕ್ಕೆ ನಿಂತ ವಂಶ

ಶಿರಾದ ಕಸಾಯಿಖಾನೆಗೆ ಬೆಳಿಗ್ಗೆ ಫ್ಲಾಸ್ಕ್ ಹಿಡಿದು ಹೋಗುವ ಹೆಂಗಸು ನಾನೊಬ್ಬಳೇ. ಮೊದಮೊದಲು ಅಲ್ಲಿನವರು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡು ಕುರ್ಚಿ ಹಾಕಿ ಟೀ ತರಿಸುತ್ತಿದ್ದರು. ನನಗೆ ಬೇಕಾದದ್ದು ಕಡಿದ ಕುರಿಗಳ ಅಂಡಾಶಯ ಮಾತ್ರ ಎಂದು ಗೊತ್ತಾದ ಮೇಲೆ ಕುರ್ಚಿ ಮಾಯವಾಯಿತು, ಟೀ ಉಳಿಯಿತು.

“ಬಂದ್ರು ನೋಡ್ರೋ ಬಚ್ಚೆದಾನಿ ಡಾಕ್ಟರ್. ಜಲ್ದಿ ತೆಗ್ದು ಕೊಡಿ. ಅವ್ರ ನೀರು ತಣ್ಣಗಾದ್ರೆ ಬೈತಾರೆ” ಎಂದು ಅಲ್ಲಿನ ಹಿರಿಯ ಸಾಹೇಬರು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ಬಚ್ಚೆದಾನಿ ಎಂದರೆ ಗರ್ಭಕೋಶ. ಈ ಬಿರುದು ಶಿರಾ ಬಸ್‌ಸ್ಟ್ಯಾಂಡಿನವರೆಗೂ ಹಬ್ಬಿತ್ತು.

ನಾನು ಬೈಯುತ್ತಿದ್ದುದೂ ನಿಜ. ಅಂಡಾಶಯವನ್ನು ಮೈ ಬಿಸಿಯಷ್ಟೇ ಬೆಚ್ಚಗಿರುವ ಉಪ್ಪು ನೀರಿನಲ್ಲಿ ಹಾಕಿ ಮಧುಗಿರಿಯ ನಮ್ಮ ಲ್ಯಾಬಿಗೆ ತರಬೇಕು. ಅದರ ಮೇಲಿನ ಸಣ್ಣ ಗುಳ್ಳೆಗಳಿಗೆ ಸೂಜಿ ಚುಚ್ಚಿ ಒಳಗಿನ ರಸ ಎಳೆದರೆ, ಅದರಲ್ಲಿ ಕಣ್ಣಿಗೆ ಕಾಣದ ಅಂಡಗಳು ಬರುತ್ತವೆ. ಅವನ್ನು ಸೂಕ್ಷ್ಮದರ್ಶಕದ ಕೆಳಗೆ ಆರಿಸಿ, ಒಂದು ದಿನ ಇನ್‌ಕ್ಯುಬೇಟರಿನಲ್ಲಿ ಮಾಗಿಸಿ, ಮರುದಿನ ಟಗರಿನ ವೀರ್ಯ ಸೇರಿಸಬೇಕು. ಎಲ್ಲ ಸರಿಹೋದರೆ ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ನನ್ನ ಕಷ್ಟವೆಲ್ಲ ಆ ಎಂಟರಲ್ಲಿತ್ತು. ಪಾವಗಡದ ಕಡೆಯ ಒಂದು ಕರಿ ಟಗರಿನ ವೀರ್ಯ ಹಾಕಿದಾಗಲೆಲ್ಲ ಭ್ರೂಣ ಎಂಟು ಕೋಶದವರೆಗೆ ಬಂದು ನಿಂತುಬಿಡುತ್ತಿತ್ತು. ಮರುದಿನ ನೋಡಿದರೆ ಎಂಟೇ. ಅದರ ಮರುದಿನ ಕಪ್ಪಗಾಗಿ, ಮುದುಡಿ, ಒಡೆದಿರುತ್ತಿತ್ತು.

ಕುರಿಯ ಭ್ರೂಣಕ್ಕೆ ಅದು ದಾಟಬೇಕಾದ ಹೊಸಿಲು. ಅಲ್ಲಿಯತನಕ ಅದು ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಬದುಕುತ್ತದೆ. ಅಂಡ ಮೊದಲೇ ಕೂಡಿಟ್ಟ ಸಾಮಗ್ರಿಯಿಂದ ಮೂರು ಸಲ ಒಡೆಯುವಷ್ಟು ಕೆಲಸ ನಡೆಯುತ್ತದೆ. ಅದಾದ ಮೇಲೆ ಹಳೆಯದನ್ನು ತೆಗೆದುಹಾಕಿ ತನ್ನದೇ ಒಲೆ ಹಚ್ಚಿಕೊಳ್ಳಬೇಕು. ಹಚ್ಚಿಕೊಳ್ಳುವಂತೆ ಮಾಡುವುದರಲ್ಲಿ ಕೆಲವು ಪುಟ್ಟ ಆರ್‌ಎನ್‌ಎಗಳ ಪಾತ್ರವಿದೆ. ಆರ್‌ಎನ್‌ಎ ಎಂದರೆ ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಎಲ್ಲವೂ ಹಾಗಲ್ಲ. ಕೆಲವು ಯಾವ ಪ್ರೋಟೀನನ್ನೂ ಮಾಡಿಸುವುದಿಲ್ಲ. ಮದುವೆ ಮನೆಯಲ್ಲಿ ಸೌಟು ಮುಟ್ಟದೆ, ಯಾವ ಒಲೆ ಹಚ್ಚಬೇಕು, ಯಾವ ಪಾತ್ರೆ ಇಳಿಸಬೇಕು ಎಂದು ಹೇಳುತ್ತ ಓಡಾಡುವ ಚಿಕ್ಕಪ್ಪನ ಹಾಗೆ ಅವು. ಚಿಕ್ಕಪ್ಪ ಬರದಿದ್ದರೆ ಅಡುಗೆಯವರು ಎಷ್ಟೇ ಜನ ಇದ್ದರೂ ಊಟ ಸಿದ್ಧವಾಗುವುದಿಲ್ಲ. ವೀರ್ಯಾಣು ತನ್ನ ಜೊತೆ ಇಂಥ ಒಂದಿಷ್ಟು ಆರ್‌ಎನ್‌ಎಗಳನ್ನು ಅಂಡದೊಳಕ್ಕೆ ಒಯ್ಯುತ್ತದೆ. ಅವುಗಳಲ್ಲಿ ಯಾವುವು ಇಲ್ಲದಿದ್ದರೆ ಭ್ರೂಣ ಎಂಟಕ್ಕೆ ನಿಲ್ಲುತ್ತದೆ ಎನ್ನುವುದೇ ನಮ್ಮ ಯೋಜನೆಯ ಪ್ರಶ್ನೆ.

ನನ್ನ ಮನೆ ಕೊರಟಗೆರೆ. ದಿನಾ ಪ್ರೈವೇಟ್ ಬಸ್ಸಿನಲ್ಲಿ ಮಧುಗಿರಿಗೆ ಹೋಗಿ, ಬೆಟ್ಟದ ಬುಡದಲ್ಲಿ ಬಾಡಿಗೆಗೆ ಹಿಡಿದ ಮನೆಯ ಮೇಲಂತಸ್ತಿನ ಲ್ಯಾಬಿನಲ್ಲಿ ಕೂರುತ್ತಿದ್ದೆ. ನಾನು, ಒಬ್ಬಳು ಟೆಕ್ನಿಷಿಯನ್, ಒಂದು ಜೀಪು. ನಮ್ಮ ಯೋಜನೆಯ ಮುಖ್ಯಸ್ಥರು, ನಾವು ಸರ್ ಎನ್ನುವವರು, ಬೆಂಗಳೂರಿನಲ್ಲಿ. ಬೇಸಿಗೆ ಮಧ್ಯಾಹ್ನ ಆ ಏಕಶಿಲೆ ಬೆಟ್ಟ ಕಾದ ಹೆಂಚಿನಂತಾಗಿ, ನಮ್ಮ ಏಸಿ ಎಷ್ಟು ಒದರಿದರೂ ಕೋಣೆ ತಣ್ಣಗಾಗುತ್ತಿರಲಿಲ್ಲ.

ಕರಿ ಟಗರು ವೈ.ಎನ್.ಹೊಸಕೋಟೆಯ ಆಚೆ, ಆಂಧ್ರದ ಗಡಿಗೆ ಕೂಗಳತೆಯ ಒಂದು ಹಟ್ಟಿಯದು. ಒಡೆಯ ಐವತ್ತು ದಾಟಿದ ಕುರುಬರ ಯಜಮಾನ. ಆತನ ಹೆಂಡತಿಯ ತವರು ಮಡಕಶಿರಾ ಕಡೆ, ಹಾಗಾಗಿ ಮಾತಿನಲ್ಲಿ ಅರ್ಧ ತೆಲುಗು. ಕುರಿ ಹಿಂಡು ಯಜಮಾನನಿಗೂ ಅವನ ತಮ್ಮನಿಗೂ ಸೇರಿದ್ದು. ಆ ಸುತ್ತಿನಲ್ಲಿ ಎಲ್ಲರೂ ಕರಿ ಉಣ್ಣೆ ಕುರಿ ಬಿಟ್ಟು, ಗಡಿಯಾಚೆಯಿಂದ ಬಂದ ಎತ್ತರದ ಕೆಂಪು ಟಗರುಗಳನ್ನು ಬಿಟ್ಟುಕೊಂಡಿದ್ದರು. ಉಣ್ಣೆ ಯಾರಿಗೆ ಬೇಕು, ಮಾಂಸ ತೂಗಬೇಕು. ಈ ಹಟ್ಟಿಯಲ್ಲಿ ಮಾತ್ರ ಒಂದು ಕರಿ ಟಗರು, ಒಂದಿಷ್ಟು ಕರಿ ಕುರಿಗಳು ಉಳಿದಿದ್ದವು. ಅದಕ್ಕೂ ಕಾರಣವಿತ್ತು. ಅವರ ಬೀರದೇವರ ಗದ್ದುಗೆಗೆ ಹಾಸುವ ಕಂಬಳಿ ಬಣ್ಣ ಹಾಕದ ಕರಿ ಉಣ್ಣೆಯದೇ ಆಗಬೇಕು, ಅದೂ ಈ ಮನೆತನದ ರೊಪ್ಪದಲ್ಲಿ, ಕುರಿದೊಡ್ಡಿಯಲ್ಲಿ, ಬೆಳೆದ ಕುರಿಯದೇ ಆಗಬೇಕು. ಆ ಕಂಬಳಿ ಕೊಡುವ ಹಕ್ಕು ಯಜಮಾನನ ಮನೆಯದು. ಆತನಿಗೆ ಅದಕ್ಕಿಂತ ದೊಡ್ಡ ಗೌರವ ಈ ಲೋಕದಲ್ಲಿ ಇರಲಿಲ್ಲ.

“ಹಾರ್ತದೆ ಕಣಮ್ಮ, ಅದ್ರಾಗೇನೂ ಕಮ್ಮಿ ಇಲ್ಲ” ಎಂದ ಮೊದಲ ದಿನವೇ. “ಆದ್ರೆ ಗಬ್ಬ ನಿಲ್ಲಕಿಲ್ಲ. ತಿರ್ಗಾ ಬೆದೆಗೆ ಬರ್ತವೆ. ಇಂಗಾದ್ರೆ ಹೆಂಗೆ? ಈ ಕರಿ ಕುರಿಗೆಲ್ಲಾ ವಯಸ್ಸಾಗೋಯ್ತು. ಈಗ ಮರಿ ಬರ್ದಿದ್ರೆ ಇನ್ ಯಾವಾಗ?”

ಯಜಮಾನನ ತಮ್ಮ ಬೇಲಿಗೆ ಒರಗಿ ನಿಂತಿದ್ದ. “ನಾನೇಳ್ತಾನೇ ಇವ್ನಿ, ಕೆಂಪು ಟಗರು ತಂದ್ ಬುಡಾನ ಅಂತ. ಬರೀ ಮೇಯಿಸ್ಕೊಂಡ್ ಬರಾಕಾ ಕುರಿ ಸಾಕೋದು? ಅಣ್ಣ ಕೇಳಬೇಕಲ್ಲ.”

“ಕೆಂಪು ಟಗರಿನ ಮರೀಲಿ ದೇವರ ಕಂಬಳಿ ನೇಯ್ತೀಯೇನ್ಲಾ?” ಎಂದು ಯಜಮಾನ ಸಿಡುಕಿದ. ಈ ಮಳೆಗಾಲದ ಬೆದೆಯಲ್ಲಿ ಕರಿ ಟಗರಿಗೆ ಮರಿ ಆಗಬೇಕು, ಆಗದಿದ್ದರೆ ಕೆಂಪು ಟಗರು ಬರುತ್ತದೆ ಎನ್ನುವುದು ಅಣ್ಣತಮ್ಮಂದಿರ ಒಪ್ಪಂದ.

ವೀರ್ಯ ತೆಗೆಯುವುದು ಕಷ್ಟದ ಕೆಲಸವಲ್ಲ. ಬೆದೆಗೆ ಬಂದ ಒಂದು ಕುರಿಯನ್ನು ಕಟ್ಟಿ, ಟಗರು ಹಾರುವಾಗ ಬಿಸಿನೀರು ತುಂಬಿದ ರಬ್ಬರ್ ಕೊಳವೆ ಹಿಡಿಯಬೇಕು. ಮುಜುಗರ ನನಗೂ ಇರಲಿಲ್ಲ, ಟಗರಿಗೂ ಇರಲಿಲ್ಲ. ಯಜಮಾನ ಮಾತ್ರ ಪ್ರತಿ ಸಲವೂ ಆಕಾಶ ನೋಡುತ್ತಿದ್ದ. ತೆಗೆದ ವೀರ್ಯ ತಣ್ಣಗಾದರೆ ಹಾಳಾಗುತ್ತದೆ. ಟ್ಯೂಬನ್ನು ಉಣ್ಣೆಯ ಮಫ್ಲರಿನಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ಜೀಪು ಹತ್ತುತ್ತಿದ್ದೆ. ಯಜಮಾನನ ಹೆಂಡತಿ ಇದನ್ನು ಕಣ್ಣರಳಿಸಿ ನೋಡುತ್ತಿದ್ದಳು. “ಬಿಡ್ಡನ ಎತ್ಕೊಂಡಂಗೆ ಎತ್ಕೊಂಡವ್ರಲ್ಲಮ್ಮಾ” ಎಂದು, ಮಗುವನ್ನು ಎತ್ತಿಕೊಂಡ ಹಾಗೆ ಎಂದು, ನಗುತ್ತಿದ್ದಳು.

ಸೂಕ್ಷ್ಮದರ್ಶಕದಲ್ಲಿ ವೀರ್ಯ ತಕ್ಕಮಟ್ಟಿಗೆ ಚೆನ್ನಾಗಿಯೇ ಕಾಣುತ್ತಿತ್ತು. ವೀರ್ಯಾಣುಗಳು ಚಲಿಸುತ್ತಿದ್ದವು, ಅಂಡದೊಳಕ್ಕೆ ಹೊಗುತ್ತಿದ್ದವು. ಆದರೆ ಎಂಟು. ಪ್ರತಿ ಸಲ ಎಂಟು. ಕೊರಟಗೆರೆಯ ರೈತರೊಬ್ಬರ ಟಗರಿನ ವೀರ್ಯವನ್ನು ಪಕ್ಕದ ತಟ್ಟೆಯಲ್ಲಿ ಅದೇ ಅಂಡಗಳಿಗೆ ಹಾಕಿದರೆ ಹದಿನಾರು ದಾಟಿ, ಟೊಳ್ಳು ಚೆಂಡಿನಂತಾಗಿ, ಗರ್ಭಕೋಶಕ್ಕೆ ಬಿಡಲು ಸಿದ್ಧವಾದ ಭ್ರೂಣ ಬರುತ್ತಿತ್ತು. ಎರಡೂ ಟಗರುಗಳ ವೀರ್ಯದಿಂದ ಪುಟ್ಟ ಆರ್‌ಎನ್‌ಎ ತೆಗೆದು ಬೆಂಗಳೂರಿಗೆ ಕಳಿಸಿದೆವು. ಕರಿ ಟಗರಿನದರಲ್ಲಿ ಒಂದು ಗುಂಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು.

ಸರ್ ಫೋನಿನಲ್ಲೇ ಕುಣಿದರು. “ಇದು ವಂಶದ ದೋಷ ಕಣಮ್ಮ. ಇಷ್ಟು ಸಣ್ಣ ಹಿಂಡು, ತಲೆಮಾರಿನಿಂದ ಒಳಗೊಳಗೇ ಸಂತಾನ ಆಗಿದೆ. ಆ ಆರ್‌ಎನ್‌ಎ ತಯಾರಿಸುವ ಶಕ್ತಿಯೇ ಹೋಗಿದೆ. ಒಳ್ಳೆ ಟಗರಿನದ್ದು ತೆಗೆದು ಸೂಜಿಯಲ್ಲಿ ಕೊಟ್ಟು ನೋಡು. ಎಂಟು ದಾಟಿದರೆ ನಮ್ಮ ಪ್ರಬಂಧ ಗೆದ್ದ ಹಾಗೆ.”

ಆ ಸೂಜಿಯ ಕೆಲಸ ನನ್ನ ಜೀವ ಹಿಂಡಿತು. ಗಾಜಿನ ಕೊಳವೆಯನ್ನು ಕೂದಲಿಗಿಂತ ತೆಳ್ಳಗೆ ಎಳೆದು, ಫಲಿತ ಅಂಡದೊಳಕ್ಕೆ ಹೊಗಿಸಿ, ಕೊರಟಗೆರೆ ಟಗರಿನ ಆರ್‌ಎನ್‌ಎ ಬಿಡಬೇಕು. ಮೊದಲ ಸಲ ಅಂಡಗಳು ಒಡೆದುಹೋದವು. ಎರಡನೇ ಸಲ ತಟ್ಟೆಗೆ ಬೂಷ್ಟು ಹಿಡಿಯಿತು. ಮೂರನೇ ಸಲ ಮಟಮಟ ಮಧ್ಯಾಹ್ನ ಕರೆಂಟು ಹೋಗಿ, ಇನ್ವರ್ಟರ್ ಕೈಕೊಟ್ಟು, ಇನ್‌ಕ್ಯುಬೇಟರ್ ಒಲೆಯಂತೆ ಕಾದು, ಎಲ್ಲ ಬೆಂದುಹೋದವು. ಟೆಕ್ನಿಷಿಯನ್ ಮೂಲೆಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ, ಗೋಡೆಗೆ ಒದ್ದೆ. ಕಾಲು ಊದಿತು. ಒಂದೊಂದು ಸಲಕ್ಕೂ ಮತ್ತೆ ಶಿರಾ, ಮತ್ತೆ ಹೊಸಕೋಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಬಸ್ಸಿನಲ್ಲಿ ಕೂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಕಡೆಗೂ ಒಂದು ಸಲ ಅವು ದಾಟಿದವು. ಬರೀ ನೀರು ಚುಚ್ಚಿದವು ಎಂಟಕ್ಕೆ ನಿಂತವು. ಆರ್‌ಎನ್‌ಎ ಚುಚ್ಚಿದವುಗಳಲ್ಲಿ ಕೆಲವು ಹದಿನಾರಾದವು, ಎರಡು ಟೊಳ್ಳು ಚೆಂಡಾದವು. ಅಷ್ಟು ತಿಂಗಳಲ್ಲಿ ಅದೊಂದೇ ದಿನ ನಾನು ಹೊಟ್ಟೆ ತುಂಬ ಉಂಡೆ. ಆ ಎರಡನ್ನು ಹೊಸಕೋಟೆಗೆ ಒಯ್ದು ಯಜಮಾನನ ಒಂದು ಕುರಿಯ ಗರ್ಭಕೋಶದಲ್ಲಿ ಬಿಟ್ಟೆ. ಕುರಿ ಮತ್ತೆ ಬೆದೆಗೆ ಬಂತು. ಏನೂ ನಿಂತಿರಲಿಲ್ಲ.

ವಿಚಿತ್ರವೆಂದರೆ ಆಮೇಲಾಮೇಲೆ ಕರಿ ಟಗರಿನ ವೀರ್ಯ ಇನ್ನೂ ಕೆಟ್ಟಿತು. ಮೊದಲು ಎಂಟಕ್ಕೆ ನಿಲ್ಲುತ್ತಿದ್ದ ಭ್ರೂಣಗಳು ಈಗ ನಾಲ್ಕಕ್ಕೇ ನಿಲ್ಲತೊಡಗಿದವು. ವಂಶದ ದೋಷವಾದರೆ ಹುಟ್ಟಿನಿಂದ ಒಂದೇ ಸಮ ಇರಬೇಕು. ತಿಂಗಳಿಂದ ತಿಂಗಳಿಗೆ ಹೆಚ್ಚುವುದು ಹೇಗೆ? ಸರ್ ನನ್ನ ಕೈಯನ್ನೇ ಅನುಮಾನಿಸಿದರು. ನನಗೂ ನನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು.

ಹಟ್ಟಿಗೆ ಹೋಗುವ ಮುಂಚೆ ಯಾವಾಗಲೂ ಫೋನ್ ಮಾಡುತ್ತಿದ್ದೆ. ಟಗರನ್ನು ಮೇಯಲು ಬಿಡದೆ ರೊಪ್ಪದಲ್ಲೇ ಇಟ್ಟುಕೊಳ್ಳಲಿ ಎಂದು. ಆ ದಿನ ಪಾವಗಡದ ಹತ್ತಿರ ಬೇರೊಂದು ಹಿಂಡಿನ ಕೆಲಸ ಬೇಗ ಮುಗಿಯಿತು. ಹೇಗೂ ಇಷ್ಟು ದೂರ ಬಂದಿದ್ದೇನೆ, ಟಗರಿನ ಮುಖ ನೋಡಿಕೊಂಡು ಹೋಗೋಣ ಎಂದು ಹೇಳದೆ ಕೇಳದೆ ಹೊಸಕೋಟೆಯ ದಾರಿ ಹಿಡಿದೆ. ಹಟ್ಟಿಗೆ ಮುಂಚೆಯೇ, ಕೊಯ್ಲು ಮುಗಿದ ಹೊಲದಲ್ಲಿ ಹಿಂಡು ಸಿಕ್ಕಿತು. ಯಜಮಾನನ ಹೆಂಡತಿ ಒಬ್ಬಳೇ ಕುರಿ ಕಾಯುತ್ತಿದ್ದಳು. ಸುಡು ಬಿಸಿಲು. ಕರಿ ಟಗರು ನನ್ನ ಕಡೆಗೆ ಬೆನ್ನು ಮಾಡಿ ನಿಂತಿತ್ತು. ಅದರ ಹಿಂಗಾಲುಗಳ ನಡುವೆ, ಬೀಜಕ್ಕೆ, ಒಂದು ಕಂಬಳಿ ಚೀಲ ತೊಡಿಸಿತ್ತು. ಸೊಂಟಕ್ಕೆ ದಾರ ಕಟ್ಟಿ ಜಾರದಂತೆ ಬಿಗಿದಿತ್ತು.

ನಾನು ಜೀಪಿನಿಂದ ಇಳಿದವಳು ಅಲ್ಲೇ ನಿಂತೆ. ಟಗರಿನ ವೃಷಣ ಹೊಟ್ಟೆಯೊಳಗಿರದೆ ಹೊರಗೆ ನೇತಾಡುವುದೇ ತಣ್ಣಗಿರಲಿ ಎಂದು. ಅಲ್ಲಿ ವೀರ್ಯ ತಯಾರಾಗಲು ಮೈಗಿಂತ ಕಡಿಮೆ ಬಿಸಿ ಬೇಕು. ವೀರ್ಯಾಣು ಹುಟ್ಟುವಾಗಲೂ, ಆಮೇಲೆ ಸುರುಳಿ ನಾಳದಲ್ಲಿ ಮಾಗುತ್ತ ಈ ಪುಟ್ಟ ಆರ್‌ಎನ್‌ಎಗಳನ್ನು ತುಂಬಿಕೊಳ್ಳುವಾಗಲೂ ಶಾಖ ತಗುಲಿದರೆ ಕೆಲಸ ಕೆಡುತ್ತದೆ. ಶಾಖದಿಂದ ವೀರ್ಯ ಹೇಗೆ ಕೆಡುತ್ತದೆ ಎಂದು ಅಭ್ಯಾಸ ಮಾಡುವವರು ಬೇಕೆಂದೇ ಟಗರಿಗೆ ಇಂಥದೇ ಚೀಲ ತೊಡಿಸುತ್ತಾರೆ. ಪುಸ್ತಕದಲ್ಲಿ ನೋಡಿದ್ದ ಆ ಚಿತ್ರ ಪಾವಗಡದ ಬಿಸಿಲಲ್ಲಿ ಮೇಯುತ್ತ ನಿಂತಿತ್ತು.

“ಅಕ್ಕಾ, ಇದೇನಿದು?” ನನ್ನ ದನಿ ನಾನೇ ಬೆಚ್ಚುವಷ್ಟು ಜೋರಾಗಿತ್ತು.

ಆಕೆ ಸೆರಗು ಸರಿಮಾಡಿಕೊಂಡು ಓಡಿ ಬಂದಳು. “ಅಯ್ಯೋ, ನೀವು ಬರ್ತೀರಂತ ಗೊತ್ತಿದ್ರೆ ಬಿಚ್ಚಿ ಇಡ್ತಿದ್ನಲ್ಲಮ್ಮಾ! ನೀವು ಬರೋ ದಿನ ಬಿಚ್ಚಿ, ಮೈ ತೊಳ್ದು ನಿಲ್ಲಿಸ್ತೀವಿ. ಡಾಕ್ಟ್ರಮ್ಮನ ಮುಂದೆ ಇಂಗೆ ನಿಲ್ಸಕಾಗ್ತದಾ?”

“ಯಾಕೆ ಹಾಕಿದ್ದೀರಿ? ಎಷ್ಟು ದಿನದಿಂದ?”

“ದಿಷ್ಟಿ ಅಮ್ಮಾ, ದಿಷ್ಟಿ! ಯಾಪಾರದವ್ರು ಬಂದೋರೆಲ್ಲ ಇದ್ರ ಬೀಜ ನೋಡಿ ಅಬ್ಬಬ್ಬಾ ಅಂತಿದ್ರು. ಹೋದ್ ವರ್ಷ ಇದು ಮೇವು ಬಿಟ್ಟು ಮಂಕಾಯ್ತು. ಮಾ ಪೊಟ್ಟೇಲುಕಿ ದಿಷ್ಟಿ ತಗಿಲಿಂದಿ, ನಮ್ ಟಗರಿಗೆ ದಿಷ್ಟಿ ತಾಕೈತೆ ಅಂತ ನಾನೇ ಹೊಲ್ದು ಹಾಕ್ದೆ. ದೇವರ ಕಂಬಳಿ ನೇಯ್ದು ಉಳಿದ ಉಣ್ಣೇಲೇ ಮಾಡಿವ್ನಿ, ಮೈಲಿಗೆ ಅಲ್ಲ.” ಆಕೆ ಟಗರಿನ ಹತ್ತಿರ ಹೋಗಿ ಚೀಲದ ಅಂಚು ತಿರುಗಿಸಿ ತೋರಿಸಿದಳು. “ಮೊದ್ಲು ಒಂದೇ ಪದರ ಇತ್ತು. ನೀವು ಇದ್ರದ್ದು ತಕ್ಕೊಂಡು ಹೋಗುವಾಗ ಉಣ್ಣೆ ಸುತ್ತಿ ಬೆಚ್ಚಗೆ ಇಟ್ಕೊಳ್ತೀರಲ್ಲ, ಅದು ನೋಡಿ ತಿಳೀತು ನಂಗೆ. ಇದಕ್ಕೆ ಬೆಚ್ಚಗಿರಬೇಕು ಅಂತ. ಅದಕ್ಕೇ ಇನ್ನೊಂದು ಪದರ ಹಾಕಿ ದಪ್ಪ ಮಾಡ್ದೆ.”

ನನಗೆ ಕಿರುಚಬೇಕೆನಿಸಿತು, ಕಿರುಚಿದೆ ಕೂಡ. ಏನು ಕಿರುಚಿದೆನೋ ನೆನಪಿಲ್ಲ. ಕುರಿಗಳು ಚದುರಿದವು. ಆಕೆಯ ಮುಖ ಬಿಳಿಚಿತು. ಟಗರನ್ನು ಹಿಡಿದು ದಾರ ಕತ್ತರಿಸಿ ಚೀಲ ಕಿತ್ತೆ. ಒಳಗೆ ಚರ್ಮ ಬೆವೆತು, ಕೆಂಪಾಗಿ, ಮುಟ್ಟಿದರೆ ಸುಡುವಂತಿತ್ತು. ಅಷ್ಟರಲ್ಲಿ ಗಲಾಟೆ ಕೇಳಿ ಯಜಮಾನ ಬಂದ. ನಾನು ಹೊಲದ ಬದುವಿನ ಮೇಲೆ ಕೂತು, ಉಸಿರು ತಹಬಂದಿಗೆ ಬಂದ ಮೇಲೆ, ಇಬ್ಬರಿಗೂ ನಿಧಾನವಾಗಿ ಹೇಳಿದೆ. ದೇಹದ ಹೊರಗೆ ತೆಗೆದ ಮೇಲೆ ಬೆಚ್ಚಗಿಡಬೇಕು, ದೇಹಕ್ಕೆ ಅಂಟಿಕೊಂಡಿರುವಾಗ ತಣ್ಣಗಿಡಬೇಕು ಎಂದು.

“ಅಂಗಾದ್ರೆ ನಾನೇ ಕೊಂದ್ನಾ?” ಎಂದಳು ಆಕೆ.

“ಕೊಂದಿಲ್ಲ ಅಕ್ಕ. ಟಗರು ಚೆನ್ನಾಗೇ ಇದೆ. ವಂಶದಲ್ಲಿ ಏನೂ ದೋಷ ಇಲ್ಲ. ಹೊಸ ವೀರ್ಯ ತಯಾರಾಗಿ ಹೊರಗೆ ಬರೋಕೆ ಎರಡು ತಿಂಗಳು ಬೇಕು, ಅಷ್ಟೆ.”

ಯಜಮಾನ ಹೆಂಡತಿಯನ್ನು ಬೈಯಲಿಲ್ಲ. ಟಗರಿನ ಕೊಂಬು ಹಿಡಿದು ಅದರ ಹಣೆಗೆ ತನ್ನ ಹಣೆ ಒತ್ತಿದ. ನನಗೂ ಆ ಗಳಿಗೆಯಲ್ಲಿ, ಸುಳ್ಳೇಕೆ ಹೇಳಲಿ, ಸಂತೋಷವೇ ಆಗಿತ್ತು. ಕಾರಣ ಸಿಕ್ಕಿತ್ತು.

ತಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ಇನ್ನೂ ಎರಡ್ ತಿಂಗ್ಳಾ? ಬೆದೆ ಕಾಲ ಮುಗ್ದೋಗ್ತದೆ ಡಾಕ್ಟ್ರಮ್ಮ” ಎಂದ. ಬೆದೆಯನ್ನು ನಾನು ತರಿಸುತ್ತೇನೆ ಎಂದು ಹೇಳಿದೆ. ಹಾರ್ಮೋನು ತುಂಬಿದ ಸ್ಪಂಜನ್ನು ಕುರಿಗಳ ಯೋನಿಯೊಳಗೆ ಕೆಲವು ದಿನ ಇಟ್ಟು ತೆಗೆದರೆ ಎಲ್ಲ ಒಟ್ಟಿಗೆ ಬೆದೆಗೆ ಬರುತ್ತವೆ. “ಕಡ್ಲೆಕಾಯಿ ಕೀಳೋಗಂಟ ನೋಡ್ತೀನಿ. ಆಮೇಲೆ ನಿಮ್ ಮಾತೂ ಕೇಳಲ್ಲ, ಅಣ್ಣನ ಮಾತೂ ಕೇಳಲ್ಲ” ಎಂದು ಎದ್ದು ಹೋದ.

ಎರಡು ತಿಂಗಳಲ್ಲಿ ಮಳೆ ಬಂತು, ನೆಲ ತಣ್ಣಗಾಯಿತು. ಟಗರಿನಿಂದ ಮತ್ತೆ ವೀರ್ಯ ತೆಗೆದೆ. ಅರ್ಧವನ್ನು ಪರೀಕ್ಷೆಗೆ ಬಳಸಿ, ಉಳಿದರ್ಧವನ್ನು ಕಡ್ಡಿಯಂಥ ಕೊಳವೆಗಳಲ್ಲಿ ತುಂಬಿ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದೆ. ಇಲ್ಲವೇ ಇಲ್ಲ ಎನ್ನುತ್ತಿದ್ದ ಆ ಆರ್‌ಎನ್‌ಎ ಗುಂಪು ಮರಳಿ ಬಂದಿತ್ತು. ಸೂಜಿ ಚುಚ್ಚದೆ, ಏನೂ ಮಾಡದೆ, ಭ್ರೂಣಗಳು ತಾವಾಗಿಯೇ ಎಂಟು ದಾಟಿದವು. ಸರ್‌ಗೆ ಫೋನ್ ಮಾಡಿದಾಗ ಅವರು ವಂಶದ ದೋಷದ ಮಾತನ್ನು ಮರೆತೇಬಿಟ್ಟಿದ್ದರು. ಕುರಿಗಳಿಗೆ ಸ್ಪಂಜು ಇಟ್ಟು ಬಂದೆ. ತೆಗೆದ ಎರಡನೇ ದಿನ ಟಗರು ಬಿಡುವುದೆಂದು ನಿಶ್ಚಯವಾಯಿತು.

ಮಳೆಯ ಹಿಂದೆಯೇ ಸೊಳ್ಳೆಗಿಂತ ಸಣ್ಣ ನೊಣಗಳು ಬಂದವು, ಅವುಗಳ ಹಿಂದೆ ನೀಲಿ ನಾಲಿಗೆ ರೋಗ. ಲಸಿಕೆ ಹಾಕಿಸಿದ ಹಿಂಡುಗಳಲ್ಲೂ ಕುರಿಗಳು ಬಿದ್ದವು. ಸ್ಪಂಜು ತೆಗೆಯಲು ಹೋದ ದಿನ ಕರಿ ಟಗರು ಮುಖ ಊದಿಸಿಕೊಂಡು, ಬಾಯಿಂದ ನೊರೆ ಸುರಿಸುತ್ತ ಮೂಲೆಯಲ್ಲಿ ನಿಂತಿತ್ತು. ಬಾಯಿ ಬಿಡಿಸಿ ನೋಡಿದೆ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಈ ರೋಗಕ್ಕೆ ನೇರವಾದ ಔಷಧವಿಲ್ಲ. ಜ್ವರಕ್ಕೆ, ನೋವಿಗೆ ಕೊಡಬಹುದು, ಗಂಜಿ ಕುಡಿಸಬಹುದು, ಬಾಯಿ ತೊಳೆಯಬಹುದು. ಯಜಮಾನನ ಹೆಂಡತಿ ರಾಗಿ ಅಂಬಲಿಯನ್ನು ಬೊಗಸೆಯಲ್ಲಿ ಹಿಡಿದು ಹನಿಹನಿಯಾಗಿ ಬಿಡುತ್ತಿದ್ದಳು. ಅದು ನುಂಗುತ್ತಿರಲಿಲ್ಲ. ಕುರಿಗಳು ಬೆದೆಗೆ ಬರುವ ಹಿಂದಿನ ದಿನ ಟಗರು ಸತ್ತಿತು.

ಯಜಮಾನ ಫೋನಿನಲ್ಲಿ ಇಷ್ಟೇ ಹೇಳಿದ. “ಓಯ್ತು ಕಣಮ್ಮ. ನೀವೇನೂ ಬರ್ಬೇಡಿ.”

ಕೊರಟಗೆರೆ ಬಸ್ಸಿನಲ್ಲಿ ಕೂತಿದ್ದವಳು ನಡುದಾರಿಯಲ್ಲಿ ಇಳಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ನಿಂತು ಅತ್ತೆ. ಆಮೇಲೆ ಹೆಪ್ಪುಗಟ್ಟಿಸಿದ ಕೊಳವೆಗಳ ನೆನಪಾಯಿತು.

ಹೆಪ್ಪುಗಟ್ಟಿ ಕರಗಿದ ಟಗರಿನ ವೀರ್ಯ ದುರ್ಬಲ. ಕುರಿಯ ಮೈಯೊಳಗೆ ಬಿಟ್ಟರೆ ಅಂಡದವರೆಗೆ ಈಜಿ ಮುಟ್ಟುವುದು ಅಪರೂಪ, ನನ್ನಲ್ಲಿದ್ದುದೂ ಸ್ವಲ್ಪವೇ. ತಟ್ಟೆಯಲ್ಲಾದರೆ ಅಂಡವನ್ನೇ ಅದರ ಎದುರಿಗೆ ಇಡಬಹುದು. ಬೆಳಗಾಗುತ್ತಲೇ ಶಿರಾಕ್ಕೆ ಓಡಿದೆ. ಸಾಹೇಬರು ಅಂದು ಬಿರುದು ಕೂಗಲಿಲ್ಲ, ನನ್ನ ಮುಖ ನೋಡಿ ಸುಮ್ಮನೆ ಫ್ಲಾಸ್ಕ್ ತುಂಬಿಸಿ ಕೊಟ್ಟರು. ಇದ್ದ ವೀರ್ಯವನ್ನೆಲ್ಲ ಆ ಅಂಡಗಳಿಗೆ ಬಳಸಿದೆ. ತಾಯಿ ಯಾವ ತಳಿಯೋ ಏನೋ, ಅಪ್ಪ ಮಾತ್ರ ಕರಿ ಟಗರು. ಇದನ್ನು ಹೇಳಿದಾಗ ಯಜಮಾನನ ದನಿಗೆ ಜೀವ ಬಂತು. “ಒಂದು ಗಂಡು ಮರಿ ಬರ್ಲಿ ಸಾಕು ಕಣಮ್ಮ. ನಮ್ ಕರಿ ಕುರಿ ಮ್ಯಾಲೆ ಬುಟ್ಟು ತಿರ್ಗಾ ಕರಿಗೆ ತತ್ತೀನಿ.”

ಹೆಚ್ಚಿನವು ಒಡೆಯಲೇ ಇಲ್ಲ. ಒಡೆದವುಗಳಲ್ಲಿ ಮೂರು ಎಂಟು ದಾಟಿ, ಟೊಳ್ಳು ಚೆಂಡುಗಳಾಗಿ ನಿಂತವು. ಅಂದೇ ಸರ್ ಫೋನ್ ಮಾಡಿದರು.

“ಆ ಮೂರನ್ನು ಅರೆದು ಆರ್‌ಎನ್‌ಎ ತೆಗೆದುಬಿಡು. ಭ್ರೂಣದ ಒಳಗೆ ಜೀನ್‌ಗಳು ಎಚ್ಚರಾಗಿವೆ ಅಂತ ತೋರಿಸೋಕೆ ಅದೊಂದೇ ಸಾಕ್ಷಿ. ಟಗರು ಇಲ್ಲ, ಇನ್ನು ಸಿಗೋದಿಲ್ಲ.”

“ಕುರಿಗೆ ಬಿಡಬೇಕು ಅಂತಿದ್ದೇನೆ ಸರ್.”

“ಹುಚ್ಚಾ? ಹೊಲದ ಕೊಟ್ಟಿಗೇಲಿ ಮಾಡೋ ಆಪರೇಷನ್‌ನಲ್ಲಿ ನಿಲ್ಲುತ್ತೆ ಅಂತ ಏನು ಗ್ಯಾರಂಟಿ? ಸಾಕ್ಷಿ ಇಲ್ಲದಿದ್ದರೆ ಈ ವರ್ಷದ ಕೆಲಸಾನೇ ಇಲ್ಲ. ಯೋಜನೆ ಮುಂದುವರಿಯಲ್ಲ, ತಿಳ್ಕೋ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅರೆದರೆ ಕರಿ ಟಗರಿನ ಬಗ್ಗೆ ಎಲ್ಲವೂ ತಿಳಿಯುತ್ತಿತ್ತು, ಕರಿ ಟಗರು ಮಾತ್ರ ಇರುತ್ತಿರಲಿಲ್ಲ. ನಾನು ಊಟ ಬಿಟ್ಟು ತಟ್ಟೆಯ ಮುಂದೆ ಕೂತೆ. ಟೆಕ್ನಿಷಿಯನ್ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಕೇಳದೆಯೇ ಸಾಗಿಸುವ ಪೆಟ್ಟಿಗೆಯನ್ನು ಬಿಸಿಗಿಟ್ಟಳು. ಜೀಪಿನವನಿಗೆ ಹೊಸಕೋಟೆ ಎಂದೆ.

ಯಜಮಾನನ ಕೊಟ್ಟಿಗೆಯಲ್ಲಿ ಹಲಗೆ ತೊಳೆದು, ಬಿಳಿ ಬಟ್ಟೆ ಕಟ್ಟಿ, ರೋಗ ತಟ್ಟದೆ ಉಳಿದ ಮೂರು ಕುರಿಗಳನ್ನು ಆರಿಸಿಕೊಂಡೆ. ಅರಿವಳಿಕೆ ಕೊಟ್ಟು, ಹೊಟ್ಟೆಯ ಕೆಳಗೆ ಬೆರಳಷ್ಟು ಗಾಯ ಮಾಡಿ, ಗರ್ಭಕೋಶದ ಕೊಂಬನ್ನು ಹೊರಗೆಳೆದು ಒಂದೊಂದಕ್ಕೆ ಒಂದೊಂದು ಭ್ರೂಣ ಬಿಟ್ಟು ಹೊಲಿದೆ. ಹಟ್ಟಿಯ ಜನರೆಲ್ಲ ಆಚೆ ನಿಂತಿದ್ದರು. ಈ ಸಲ ಯಜಮಾನ ಆಕಾಶ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ.

ಎರಡು ಕುರಿ ಬೆದೆಗೆ ಮರಳಿದವು. ಮೂರನೆಯದು ಮರಳಲಿಲ್ಲ. ಸ್ಕ್ಯಾನ್ ಯಂತ್ರ ಒಯ್ದು ಹೊಟ್ಟೆಗೆ ಹಿಡಿದಾಗ ಕಪ್ಪು ಪರದೆಯಲ್ಲಿ ಒಂದು ಚುಕ್ಕಿ ಮಿಡಿಯುತ್ತಿತ್ತು. ಯಜಮಾನನ ಹೆಂಡತಿಯನ್ನು ಕರೆದು ತೋರಿಸಿದೆ. “ಗುಂಡೆ ಕೊಟ್ಕೊಂಟಾಂದಾ?” ಎಂದು ಪಿಸುಗುಟ್ಟಿದಳು. ಎದೆ ಬಡಿದುಕೊಳ್ಳುತ್ತಿದೆಯಾ ಎಂದು. ಹೌದು ಎಂದೆ. ಆಕೆ ಚಪ್ಪಲಿ ಬಿಟ್ಟು ಕುರಿಗೆ ಕೈಮುಗಿದಳು. ಅಂದಿನಿಂದ ಆ ಕುರಿಯನ್ನು ಹಿಂಡಿನ ಜೊತೆ ಬಿಡದೆ, ಮನೆಯ ಜಗಲಿಯಲ್ಲೇ ಕಟ್ಟಿ, ತಾನೇ ಸೊಪ್ಪು ತಂದು ಹಾಕುತ್ತಿದ್ದಳು. ತಮ್ಮ ಕೂಡ ಕೆಂಪು ಟಗರಿನ ಮಾತೆತ್ತಲಿಲ್ಲ. ಹೋಗುವಾಗ ಬರುವಾಗ ಜಗಲಿಯ ಕಡೆ ಒಂದು ಸಲ ನೋಡಿ ಹೋಗುತ್ತಿದ್ದನಂತೆ.

ಮುಂದಿನ ಸ್ಕ್ಯಾನಿಗೆ ಹೋದಾಗ ಪರದೆ ಬರಿದಾಗಿತ್ತು. ಯಂತ್ರವನ್ನು ಈ ಪಕ್ಕೆಗೆ ಹಿಡಿದೆ, ಆ ಪಕ್ಕೆಗೆ ಹಿಡಿದೆ, ಜೆಲ್ ಮತ್ತೆ ಹಚ್ಚಿದೆ. ಕೆಲವು ಭ್ರೂಣಗಳು ಹಾಗೆಯೇ ಸದ್ದಿಲ್ಲದೆ ಕರಗಿಹೋಗುತ್ತವೆ. ರಕ್ತ ಬರುವುದಿಲ್ಲ, ಕುರಿಗೂ ಗೊತ್ತಾಗುವುದಿಲ್ಲ. ಇದು ಕರಗಿದ್ದು ತಟ್ಟೆಯಲ್ಲಿ ಬೆಳೆದದ್ದಕ್ಕೋ, ಕರಗಿಸಿದ ವೀರ್ಯಕ್ಕೋ, ತಾಯಿಗೆ ಒಳಗೊಳಗೇ ತಟ್ಟಿದ್ದ ರೋಗಕ್ಕೋ. ಇನ್ನು ನೋಡಲು ಏನೂ ಉಳಿದಿರಲಿಲ್ಲ. ಅರೆಯಲೂ ಇಲ್ಲ, ಬೆಳೆಸಲೂ ಇಲ್ಲ. ಯಜಮಾನನ ಹೆಂಡತಿ ನನ್ನ ಮುಖ ನೋಡಿ, ಕುರಿಯ ಹಗ್ಗ ಬಿಚ್ಚಿ ಹಿಂಡಿಗೆ ಬಿಟ್ಟು ಬಂದಳು.

ಹದಿನೈದು ದಿನದ ಮೇಲೆ ಯಜಮಾನನೇ ಫೋನ್ ಮಾಡಿ ಕರೆದ. ಯೋಜನೆ ಮುಗಿಯುವ ಕಾಗದ ಅಷ್ಟರಲ್ಲಿ ನನ್ನ ಕೈ ಸೇರಿತ್ತು, ಜೀಪು ಹಿಂದಕ್ಕೆ ಹೋಗಿತ್ತು. ಪಾವಗಡಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಹಟ್ಟಿ ಸೇರಿದೆ. ರೊಪ್ಪದ ಮುಂದೆ ಎತ್ತರದ, ನುಣುಪು ಮೈಯ ಕೆಂಪು ಟಗರೊಂದು ನಿಂತಿತ್ತು. ಹಗ್ಗ ಯಜಮಾನನ ಕೈಯಲ್ಲಿತ್ತು. ತಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನು ಗೆದ್ದವನಂತೆ ಕಾಣುತ್ತಿರಲಿಲ್ಲ.

“ಇದ್ರದ್ದೂ ನೋಡ್ಬುಡಮ್ಮ” ಎಂದ ಯಜಮಾನ. “ಇನ್ನೊಂದ್ ಸಲ ಮೋಸ ಹೋಗೋ ಶಕ್ತಿ ಇಲ್ಲ.”

ಕೊಳವೆ ಹಿಡಿದು ವೀರ್ಯ ತೆಗೆದೆ. ಕೈಪೆಟ್ಟಿಗೆಯ ಸೂಕ್ಷ್ಮದರ್ಶಕವನ್ನು ಬಿಸಿಲಿಗೆ ಹಿಡಿದು ನೋಡಿದೆ. ಗಾಜಿನ ತುಂಬ ಮೋಡ ಉರುಳುವಂತೆ ಅಲೆ ಅಲೆಯಾಗಿ ಓಡುತ್ತಿದ್ದವು. ಇಷ್ಟು ತಿಂಗಳಲ್ಲಿ ನಾನು ನೋಡಿದ ಅತ್ಯುತ್ತಮ ವೀರ್ಯ ಅದು.

“ಚೆನ್ನಾಗಿದೆ ಅಣ್ಣ” ಎಂದೆ.

“ಮರಿ ಆಗ್ತವಾ?”

“ಆಗ್ತವೆ. ಅನುಮಾನ ಇಲ್ಲ.”

ಯಜಮಾನ ತಲೆಯಾಡಿಸಿದ. ರೊಪ್ಪದೊಳಗೆ ಕರಿ ಕುರಿಗಳು ನಮ್ಮತ್ತ ಕತ್ತು ಚಾಚಿ ನೋಡುತ್ತಿದ್ದವು. ಆತ ಬಾಗಿಲ ಮುಳ್ಳುಕಂಟಿ ಸರಿಸಿದ, ಕೆಂಪು ಟಗರಿನ ಕೊರಳ ಗಂಟಿಗೆ ಕೈ ಹಾಕಿದ, ಮತ್ತೆ ತೆಗೆದ. ಹಗ್ಗವನ್ನು ತಮ್ಮನ ಕೈಗೆ ಕೊಟ್ಟ.

“ನೀನೇ ಬುಡ್ಲಾ. ನನ್ ಕೈಲಾಗಕಿಲ್ಲ.”

ಅವನು ಹಗ್ಗ ಹಿಡಿದುಕೊಂಡು ಖಾಲಿ ಜಗಲಿಯ ಕಡೆ ಒಂದು ಸಲ ನೋಡಿದ. ಆಮೇಲೆ ಬಿಟ್ಟ.